ಮೂರು ವರ್ಷ, ಎರಡು ಕ್ಲಿನಿಕ್, ನಾಲ್ಕು ನಕ್ಷತ್ರ

ಮೊದಲೇ ಹೇಳಿಬಿಡುತ್ತೇನೆ, ನಮಗೆ ಇನ್ನೂ ಮಗುವಾಗಿಲ್ಲ. ಆದರೂ ಬೆಂಗಳೂರಿನ ಈ ಐವಿಎಫ್ (ಲ್ಯಾಬ್‌ನಲ್ಲಿ ಅಂಡಾಣು, ವೀರ್ಯಾಣು ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ) ಕ್ಲಿನಿಕ್‌ಗೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಮಗುವಾದವರು ಐದು ಕೊಡುತ್ತಾರೆ, ಆಗದವರು ಒಂದು ಕೊಡುತ್ತಾರೆ. ಅಂಥ ವಿಮರ್ಶೆಗಳನ್ನು ರಾತ್ರಿಯೆಲ್ಲ ಓದಿಯೂ ನನಗೆ ಏನೂ ತಿಳಿದಿರಲಿಲ್ಲ.

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಓಡಾಡಿದ್ದು ಮೂರು ವರ್ಷ. ಮೊದಲ ವರ್ಷ ಬೇರೊಂದು ಕಡೆ. ಅಲ್ಲಿ ಗೋಡೆಯ ತುಂಬ ನಗುವ ಮಕ್ಕಳು, ಬಾಗಿಲಲ್ಲಿ 'ಶೇ. 80 ಯಶಸ್ಸು' ಎಂಬ ಫಲಕ. ಯಾವುದರ ಎಂಬತ್ತು ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ರಕ್ತಪರೀಕ್ಷೆ ಪಾಸಿಟಿವ್ ಬಂದದ್ದನ್ನೂ ಯಶಸ್ಸೆನ್ನಬಹುದು, ಸ್ಕ್ಯಾನ್‌ನಲ್ಲಿ ಹೃದಯಬಡಿತ ಕಂಡದ್ದನ್ನೂ ಎನ್ನಬಹುದು. ಮಗು ಹುಟ್ಟಿದ ಲೆಕ್ಕ ಇವೆರಡಕ್ಕಿಂತ ಕಡಿಮೆ. ಇಪ್ಪತ್ತೆಂಟರವಳನ್ನೂ ನಲವತ್ತರವಳನ್ನೂ ಒಂದೇ ಸರಾಸರಿಗೆ ಸುರಿದರೆ 37ರ ನನಗೆ ಅದರಿಂದೇನು? ಗರ್ಭಕೋಶದ ಒಳಪದರವನ್ನು ಮೊದಲೇ ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂದು ಅದಕ್ಕೂ ಹಣ ಪಡೆದರು. 1,300ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಂಡಿರಲಿಲ್ಲ ಎಂದು ತಿಳಿದದ್ದು ಆಮೇಲೆ. ಫಲಿತಾಂಶ ವಾಟ್ಸ್‌ಆ್ಯಪ್‌ನಲ್ಲಿ ಬಂತು: 'ನೆಗೆಟಿವ್. ಮಾತ್ರೆ ನಿಲ್ಲಿಸಿ.' ನಾನಾಗ ಏಳನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಎರಡನೇ ಕ್ಲಿನಿಕ್‌ನಲ್ಲಿ ನಾನು ಮೊದಲು ಹುಡುಕಿದ್ದು ನೋಂದಣಿ ಪತ್ರ. ಇಂಥ ಕ್ಲಿನಿಕ್‌ಗಳಿಗಾಗಿ ಇರುವ 2021ರ ಕಾಯ್ದೆಯಂತೆ ಅದನ್ನು ಎದ್ದುಕಾಣುವ ಕಡೆ ಹಾಕಿರಬೇಕು, ಅದರ ಅವಧಿ ಐದು ವರ್ಷ. ಐವಿಎಫ್ ಮಾಡಲು ಎರಡನೇ ಹಂತದ ನೋಂದಣಿಯೇ ಬೇಕು. ಒಂದನೇ ಹಂತದವರು ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು, ಅದನ್ನು ಮಾತ್ರ ಮಾಡಬಹುದು. ಪತ್ರವೇನೋ ಸರಿಯಾಗಿತ್ತು. ಆದರೆ ನನಗೆ ನಂಬಿಕೆ ಹುಟ್ಟಿದ್ದು ಅಂಡಾಣು ತೆಗೆಯುವ ದಿನ. ವಾರ್ಡಿನಲ್ಲಿ ಒಮ್ಮೆ, ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಒಮ್ಮೆ, ಮತ್ತೆ ಲ್ಯಾಬ್‌ನವರಿಂದ ಒಮ್ಮೆ, ನಮ್ಮಿಬ್ಬರ ಹೆಸರು, ಹುಟ್ಟಿದ ದಿನಾಂಕ ಕೇಳಿದರು. ನನ್ನವರು ರೇಗಿ, "ಎಷ್ಟು ಸಲ ಹೇಳಬೇಕು ಮೇಡಂ?" ಎಂದರು. "ಸೂಕ್ಷ್ಮದರ್ಶಕದಲ್ಲಿ ಯಾವ ಅಂಡಾಣು ಯಾರದೆಂದು ಗೊತ್ತಾಗುವುದಿಲ್ಲ ಸರ್, ಡಿಶ್ ಮೇಲಿನ ಹೆಸರೇ ಗತಿ" ಎಂದರು ಲ್ಯಾಬ್‌ನ ಹುಡುಗಿ. ಇವರು ಮತ್ತೆ ರೇಗಲಿಲ್ಲ.

ಅದಕ್ಕೂ ಎರಡು ರಾತ್ರಿ ಮೊದಲಿನ ಕತೆ ಹೇಳಲೇಬೇಕು. ಅಂಡಾಣು ಪಕ್ವವಾಗಲೆಂದು ಕೊಡುವ ಟ್ರಿಗರ್ ಇಂಜೆಕ್ಷನ್ ತೆಗೆದುಕೊಂಡು ಸುಮಾರು 36 ಗಂಟೆಗೆ ಅಂಡಾಣು ತೆಗೆಯುತ್ತಾರೆ, ಹಾಗಾಗಿ ಹೊತ್ತು ತಪ್ಪುವಂತಿಲ್ಲ. ನಮಗೆ ಕೊಟ್ಟದ್ದು ರಾತ್ರಿ 11.15. ಆ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಪೆನ್ನಿನ ಗುಂಡಿ ಒತ್ತಿದರೆ ಅಲುಗಲಿಲ್ಲ. ತುರ್ತು ಸಂಖ್ಯೆಗೆ ಕರೆ ಮಾಡಿದಾಗ ಎರಡನೇ ರಿಂಗಿಗೇ ನರ್ಸ್ ಎತ್ತಿದರು. ಸೂಜಿ ಸರಿಯಾಗಿ ಕೂತಿಲ್ಲ, ತಿರುಗಿಸಿ ಬಿಗಿ ಮಾಡಿ ಎಂದರು. ಔಷಧ ಪೂರ್ತಿ ಹೋಗಿ, ಹತ್ತರವರೆಗೆ ಎಣಿಸಿ, ಸೂಜಿ ಹೊರತೆಗೆಯುವವರೆಗೆ ಫೋನ್ ಇಡಲಿಲ್ಲ. ಅತ್ತೆ ಮಾತ್ರ ದೇವರ ಮನೆಯಲ್ಲೇ ಕೂತಿದ್ದರು.

ಅಲ್ಲಿ ಎರಡು ಸಲ ಭ್ರೂಣವನ್ನು ಗರ್ಭಕೋಶಕ್ಕೆ ವರ್ಗಾಯಿಸಿದರು, ಎರಡೂ ಫಲಿಸಲಿಲ್ಲ. ಎರಡು ಸಲವೂ ಡಾಕ್ಟರೇ ಕರೆ ಮಾಡಿ ಹೇಳಿದರು. ಎರಡನೆಯದರ ನಂತರ ಲ್ಯಾಬ್‌ನ ಹಾಳೆ ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಕೂತರು. "ಕಾರಣ ನನಗೂ ಗೊತ್ತಿಲ್ಲಮ್ಮ. ಸದ್ಯಕ್ಕೆ ಇನ್ನೊಂದು ಸೈಕಲ್ ಬೇಡ, ಮೈಗೆ ಬಿಡುವು ಕೊಡಿ" ಎಂದರು. ಹಣ ಕಟ್ಟಲು ಸಿದ್ಧಳಾಗಿಯೇ ಹೋಗಿದ್ದೆ.

ಒಂದು ನಕ್ಷತ್ರ ಕಡಿತಗೊಳಿಸಲು ಕಾರಣವಿದೆ. ಪ್ಯಾಕೇಜ್ ಎಂದು ಹೇಳಿದ ಮೊತ್ತದಲ್ಲಿ ಇಂಜೆಕ್ಷನ್ ಸೇರಿರಲಿಲ್ಲ, ಭ್ರೂಣ ಫ್ರೀಜ್ ಮಾಡುವ ಶುಲ್ಕವೂ ಸೇರಿರಲಿಲ್ಲ. ಎಂಟಕ್ಕೆ ಸ್ಕ್ಯಾನ್ ಮುಗಿದರೆ ಡಾಕ್ಟರ್ ಸಿಗುವುದು ಹನ್ನೊಂದಕ್ಕೆ. ಬಸುರಿಯರ ಸ್ಕ್ಯಾನ್‌ಗೂ ಅದೇ ಹಾಲ್, ಅದೇ ಬೆಂಚು. ನೆಗೆಟಿವ್ ಬಂದ ವಾರ ಅಲ್ಲಿ ಮೂರು ಗಂಟೆ ಕೂತು ನೋಡಿದರೆ ಗೊತ್ತಾಗುತ್ತದೆ. ಸಲಹಾ ಪೆಟ್ಟಿಗೆಗೆ ಎರಡು ಸಲ ಬರೆದು ಹಾಕಿದ್ದೇನೆ, ಬೆಂಚು ಹಾಗೇ ಇದೆ.

ನಮ್ಮ ಎರಡು ಭ್ರೂಣಗಳು ಅಲ್ಲಿ ಇನ್ನೂ ಫ್ರೀಜರ್ ಟ್ಯಾಂಕ್‌ನಲ್ಲಿವೆ. ಕಾನೂನು ಹತ್ತು ವರ್ಷದವರೆಗೆ ಇಡಲು ಬಿಡುತ್ತದೆ. ಈ ವರ್ಷದ ಶುಲ್ಕ ಕಟ್ಟಿಯಾಗಿದೆ.