ತಪ್ಪು ತೀರ್ಪು ತಿದ್ದೋದು: ಸಾಫ್ಟ್‌ಬಾಲಾ, ಬೇಸ್‌ಬಾಲಾ?

ಯಾವ ಆಟಕ್ಕೆ ಅಂಪೈರ್ ಆಗೋದು ಅಂತ ಯೋಚಿಸ್ತಿದ್ದೀರಾ? ಮೂಲ ನಿಯಮ ಎರಡರಲ್ಲೂ ಒಂದೇ. ಜೊತೆಯ ಅಂಪೈರ್ ತೀರ್ಪನ್ನು ನೀವಾಗಿ ಬದಲಿಸುವಂತಿಲ್ಲ, ಅವರು ಕೇಳಿದರೆ ಮಾತ್ರ ಕಂಡದ್ದನ್ನು ಹೇಳಬೇಕು.

ಅಮೆರಿಕದ ಸಾಫ್ಟ್‌ಬಾಲ್ ನಿಯಮ ನನಗೆ ತುಂಬಾ ಇಷ್ಟ. ನೀವು ‘ಔಟ್’ ಎಂದಿರಿ, ಓಡುತ್ತಿದ್ದವಳು ನಿಂತಳು. ನೋಡಿದರೆ ಚೆಂಡು ಫೀಲ್ಡರ್ ಕೈಜಾರಿ ಮಣ್ಣಿಗೆ ಬಿದ್ದಿದೆ! ತೀರ್ಪು ಬದಲಾಗಿ ಅವಳಿಗೆ ಅನ್ಯಾಯವಾದರೆ ಅದನ್ನು ನೀವೇ ಸರಿಪಡಿಸಬಹುದು. ಬೇಸ್‌ಬಾಲ್‌ನಲ್ಲೂ ಈ ಅಧಿಕಾರ ಇದೆ.

ಆದರೆ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ ಕ್ಯಾಮೆರಾ ಜಾಸ್ತಿ ಮಾತಾಡುತ್ತದೆ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಅಂಪೈರ್ ಜಿಮ್ ಜಾಯ್ಸ್ ಕೊನೆಯ ಔಟ್ ಆಗಬೇಕಿದ್ದ ಬ್ಯಾಟರ್‌ಗೆ ತಪ್ಪಾಗಿ ‘ಸೇಫ್’ (ಔಟಲ್ಲ) ಅಂದರು. ಚೆಂಡೆಸೆಯುತ್ತಿದ್ದ ಪಿಚರ್ ಗಲರಾಗಾ ಅವರ ಪರ್ಫೆಕ್ಟ್ ಗೇಮ್ (ಎದುರಾಳಿಯ ಒಬ್ಬರನ್ನೂ ಬೇಸ್ ತಲುಪಲು ಬಿಡದ ಆಟ) ಕೈತಪ್ಪಿತು. ಆಗ ವಿಡಿಯೊ ನೋಡಿ ಅದನ್ನು ತಿದ್ದಲು ದಾರಿಯಿರಲಿಲ್ಲ, ಜಾಯ್ಸ್ ಕಣ್ಣೀರಿಟ್ಟು ಕ್ಷಮೆ ಕೇಳಿದರು. ಅಂಥ ತೀರ್ಪುಗಳಿಗೆ ವಿಡಿಯೊ ಮರುಪರಿಶೀಲನೆ ಬಂದದ್ದು 2014ರಲ್ಲಿ.

ಊರ ಮೈದಾನದಲ್ಲಿ ಕ್ಯಾಮೆರಾ ಎಲ್ಲಿರುತ್ತೆ? ಅಲ್ಲಿ ತಪ್ಪು ತಿದ್ದೋದು ನಿಮ್ಮ ಕೈಲೇ. ನನ್ನ ಇಷ್ಟ ಕೇಳಿದರೆ, ಹೊಸಬರು ಸಾಫ್ಟ್‌ಬಾಲ್‌ನಿಂದ ಶುರುಮಾಡಿ.