ಧಾರವಾಡದ ವಸತಿ ನಿಲಯಗಳಲ್ಲಿ ಕೊಳಚೆ ನೀರಿನ ವೈರಾಣು ಪರೀಕ್ಷೆ: ಒಂದು ಸೇವೆಯ ವಿಮರ್ಶೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳ ವಸತಿ ನಿಲಯಗಳನ್ನು ನಡೆಸುವ ನಾವು ಕೆಲವರು ಸೇರಿ, ಒಳಚರಂಡಿಯ ನೀರಿನಲ್ಲಿ ಹೊಲಸು ನೀರು, ಆಹಾರದಿಂದ ಹರಡಿ ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ ವೈರಾಣುಗಳನ್ನೂ ಕೊರೊನಾ ವೈರಾಣುವನ್ನೂ ಹುಡುಕಿಕೊಡುವ ಖಾಸಗಿ ಪ್ರಯೋಗಾಲಯವೊಂದರ ಸೇವೆಯನ್ನು ಈ ಮಳೆಗಾಲದಲ್ಲಿ ಪಡೆದೆವು. ಇಂಥ ಸೇವೆ ನಮ್ಮ ಊರಿಗೆ ಬೇಕೇ ಬೇಕು. ಆದರೆ ಈಗ ಅದು ಸಿಗುತ್ತಿರುವ ರೂಪದಲ್ಲಿ ಸಾಲದು.

ಬೇಕೆನ್ನಲು ಕಾರಣವಿದೆ. ಹೆಪಟೈಟಿಸ್ ಎ ಸೋಂಕು ತಗುಲಿದ ಮೇಲೆ ಲಕ್ಷಣಗಳು ಕಾಣಿಸಲು 15ರಿಂದ 50 ದಿನ ಹಿಡಿಯುತ್ತದೆ. ಕಣ್ಣು ಹಳದಿಯಾಗುವ ಒಂದೆರಡು ವಾರ ಮೊದಲೇ ಮಲದಲ್ಲಿ ವೈರಾಣು ಹೇರಳವಾಗಿ ಹೊರಬೀಳುತ್ತಿರುತ್ತದೆ. ಜ್ವರ ಬಂದರೂ ಮಾತ್ರೆ ನುಂಗಿ ಓದಲು ಕೂರುವ ಮಕ್ಕಳ ನಡುವೆ ಈ ಒಂದೆರಡು ವಾರದ ಮುನ್ಸೂಚನೆಗೆ ಬೆಲೆ ಕಟ್ಟಲಾಗದು. ಯಾರ ರಕ್ತವನ್ನೂ ತೆಗೆಯದೆ, ಯಾರ ಹೆಸರನ್ನೂ ಬಯಲು ಮಾಡದೆ ಇಡೀ ಕಟ್ಟಡದ ಸ್ಥಿತಿ ತಿಳಿಯುತ್ತದೆ. ಪೋಲಿಯೊದಲ್ಲಿ ಸುಮಾರು 200 ಸೋಂಕಿತರಲ್ಲಿ ಒಬ್ಬರಿಗೆ ಮಾತ್ರ ಶಾಶ್ವತ ಪಾರ್ಶ್ವವಾಯು ಬಂದು, ಉಳಿದವರ ಸೋಂಕು ಕಣ್ಣಿಗೆ ಬೀಳದೆ ಹೋಗುವುದರಿಂದ, ಮುಂಬೈಯಲ್ಲಿ 2001ರಿಂದಲೇ ಕೊಳಚೆ ನೀರಿನ ತಪಾಸಣೆ ನಡೆದಿದೆ. 2013ರಲ್ಲಿ ಇಸ್ರೇಲಿನಲ್ಲಿ ಒಂದು ಮಗುವಿಗೂ ಪಾರ್ಶ್ವವಾಯು ತಗುಲದಿದ್ದಾಗ ವೈರಾಣುವಿನ ಸುಳಿವು ಕೊಟ್ಟದ್ದು ಚರಂಡಿಯ ನೀರೇ.

ಪ್ರಯೋಗಾಲಯದ ಸಿಬ್ಬಂದಿ ಕೈಗವಸು ತೊಟ್ಟು, ನಿಲಯದ ಕೊನೆಯ ಚೇಂಬರಿನಿಂದ ಮಾದರಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಅಲ್ಲಿ ದೂರಲು ಏನೂ ಇಲ್ಲ. ತೊಡಕಿರುವುದು ಮಾದರಿ ತೆಗೆದ ಸಮಯದಲ್ಲಿ. ಮುಂಜಾನೆಯ ಶೌಚ, ಸ್ನಾನ ಎಲ್ಲ ಮುಗಿದು ಹುಡುಗರು ತರಗತಿಗೆ ಹೋದ ಮೇಲೆ ಒಂದೇ ಸಲ ಒಂದು ಬಾಟಲಿ ತುಂಬಿಕೊಂಡರೆ, ಸಿಗುವುದು ಆ ಗಳಿಗೆಯ ನೀರು ಮಾತ್ರ. ಅಲ್ಲದೆ, ನಲ್ಲಿಯಲ್ಲಿ ದಿನವೂ ನೀರು ಬಾರದ ನಮ್ಮಲ್ಲಿ, ನೀರು ಬಿಟ್ಟ ದಿನ ಎಲ್ಲರೂ ಬಟ್ಟೆ ಒಗೆಯುವುದರಿಂದ ಚರಂಡಿಯ ನೀರು ತೀರ ತೆಳುವಾಗಿ, ಸೋಂಕು ಇಳಿಯದಿದ್ದರೂ ಇಳಿದಂತೆ ತೋರುತ್ತದೆ. 24 ಗಂಟೆಗಳ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಸಂಗ್ರಹಿಸಿ ಬೆರೆಸಿದ ಮಾದರಿಯೇ ಸರಿಯಾದದ್ದು.

ತೆಳುವಾದ ನೀರಿನ ಲೆಕ್ಕ ಸರಿಪಡಿಸಲು ಇನ್ನೊಂದು ದಾರಿಯೂ ಇದೆ. ಮೆಣಸಿನ ಗಿಡಕ್ಕೆ ತಗುಲುವ ಪೆಪ್ಪರ್ ಮೈಲ್ಡ್ ಮಾಟಲ್ ವೈರಾಣು ಊಟದ ಮೂಲಕ ಮನುಷ್ಯನ ಮಲ ಸೇರುತ್ತದೆ. ನೀರು ಹೆಚ್ಚಾದಾಗ ಅದೂ ರೋಗಾಣುವಿನಷ್ಟೇ ತೆಳುವಾಗುವುದರಿಂದ, ಅದರ ಪ್ರಮಾಣಕ್ಕೆ ಹೋಲಿಸಿ ರೋಗಾಣುವಿನ ಪ್ರಮಾಣವನ್ನು ಅಳೆಯುವುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಪದ್ಧತಿ. ಬ್ಯಾಡಗಿ ಮೆಣಸಿನಕಾಯಿಯ ಖಾರವಿಲ್ಲದೆ ತುತ್ತು ಇಳಿಯದ ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ಅಳತೆಗೋಲು ಯಾವುದಿದೆ? ಈ ಸೇವೆಯಲ್ಲಿ ಅದನ್ನು ಬಳಸಿರಲಿಲ್ಲ.

ವರದಿ ತಡವಾಗಿ ಬಂತು, ಇಂಗ್ಲಿಷಿನಲ್ಲಿ ಬಂತು. ಹೆಪಟೈಟಿಸ್ ಎ ‘ಪತ್ತೆಯಾಗಿದೆ’ ಎಂದಷ್ಟೇ ಬರೆದಿದ್ದರು. ಇದಕ್ಕೆ ಬಳಸುವ ಆರ್‌ಟಿ-ಪಿಸಿಆರ್ ಎಂಬ ಪರೀಕ್ಷೆ ಗುರುತಿಸುವುದು ವೈರಾಣುವಿನ ಆನುವಂಶಿಕ ವಸ್ತುವನ್ನೇ ಹೊರತು ಅದು ಜೀವಂತವಾಗಿದೆಯೇ ಎಂಬುದನ್ನಲ್ಲ, ಎಷ್ಟು ಮಂದಿಗೆ ಸೋಂಕಿದೆ ಎಂಬುದನ್ನೂ ಅಲ್ಲ. ಇದನ್ನು ಒಂದು ಸಾಲಿನಲ್ಲಿ ತಿಳಿಸಿದ್ದರೆ ಪಾಲಕರ ಗಾಬರಿ ತಪ್ಪುತ್ತಿತ್ತು. ನಾವಾಗಿಯೇ ಕುಡಿಯುವ ನೀರನ್ನು ಕುದಿಸತೊಡಗಿದೆವು, ಟ್ಯಾಂಕುಗಳಿಗೆ ಕ್ಲೋರಿನ್ ಹಾಕಿಸಿದೆವು, ಅಡುಗೆಯವರ ಕೈತೊಳೆಯುವ ವ್ಯವಸ್ಥೆಯನ್ನು ಸರಿಪಡಿಸಿದೆವು. ಸರಬರಾಜು ನಿಂತು ಕೊಳವೆ ಖಾಲಿಯಾದಾಗ ಬಿರುಕಿನ ಮೂಲಕ ಸುತ್ತಲಿನ ಹೊಲಸು ಒಳಗೆ ಸೇರಬಲ್ಲದಾದ್ದರಿಂದ, ಚರಂಡಿಯ ಪಕ್ಕದ ಕೊಳವೆಗಳನ್ನೂ ಅಗೆಸಿ ನೋಡಿಸಿದೆವು.

ಈ ಸೇವೆಯನ್ನು ಮುಂದುವರಿಸುತ್ತೇವೆ. ಆದರೆ 24 ಗಂಟೆಗಳ ಮಿಶ್ರ ಮಾದರಿ, ಮೆಣಸಿನ ವೈರಾಣುವಿನೊಂದಿಗೆ ಹೋಲಿಕೆ, ಮೂರು ದಿನದೊಳಗೆ ಕನ್ನಡದಲ್ಲಿ ವಿವರವಾದ ವರದಿ, ಇಷ್ಟನ್ನು ಕರಾರಿನಲ್ಲಿ ಬರೆದುಕೊಟ್ಟ ಮೇಲೆಯೇ ಮುಂಗಡ ಕೊಡುವುದೆಂದು ನಿಲಯಗಳವರೆಲ್ಲ ತೀರ್ಮಾನಿಸಿದ್ದೇವೆ.