ಆ ಸಾಕ್ಷಿಯ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು

ನೀಲಿ ಚೌಕಳಿ ಶರ್ಟಿನ ಹುಡುಗನೊಬ್ಬ ಮೈಕ್ ಹಿಡಿದು, "ಟಿ.ಬಿ. ಇತ್ತು, ಮಾತ್ರೆ ಬಿಟ್ಟೆ, ಪ್ರಾರ್ಥನೆಯಿಂದಲೇ ಗುಣವಾದೆ" ಎಂದು ಅಳುತ್ತಾ ಸಭೆಯ ಮುಂದೆ ಸಾಕ್ಷಿ ಹೇಳುವ ವಿಡಿಯೋ ನೋಡಿದ್ದೀರಾ? ಅವನು ನನ್ನ ತಮ್ಮ. ಹಿಂದೆ ಕೂತು ಚಪ್ಪಾಳೆ ತಟ್ಟುವವರಲ್ಲಿ ನಾನೂ ಇದ್ದೇನೆ. ಅದಕ್ಕೇ ಇದನ್ನು ನಾನೇ ಬರೆಯಬೇಕು ಅನಿಸಿತು.

ನಾವು ಮೈಸೂರಿನವರು. ಅಜ್ಜನ ಕಾಲದಿಂದಲೂ ಚರ್ಚಿಗೆ ಹೋಗುವ ಮನೆ. ಪ್ರಾರ್ಥನೆ ಮಾಡಬೇಡಿ ಎಂದು ಹೇಳಲು ಬಂದಿಲ್ಲ ನಾನು. ಈಗಲೂ ದಿನಾ ಮಾಡುತ್ತೇನೆ.

ತಮ್ಮನಿಗೆ ಶ್ವಾಸಕೋಶದ ಕ್ಷಯ ಎಂದು ಗೊತ್ತಾದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟೇ. ಆರು ತಿಂಗಳು, ದಿನಾ ಮಾತ್ರೆ, ದುಡ್ಡು ಕೊಡಬೇಕಿಲ್ಲ, ಒಂದು ದಿನವೂ ತಪ್ಪಿಸಬಾರದು. ಮಾತ್ರೆ ಶುರುವಾದ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಅವನು ಹೆದರಿಬಿಟ್ಟ. ನರ್ಸ್ ನಕ್ಕರು. "ಅದು ರಿಫಾಂಪಿಸಿನ್ ಕಣಪ್ಪಾ. ಬಣ್ಣ ಬಂತು ಅಂದ್ರೆ ಮಾತ್ರೆ ಸರಿಯಾಗಿ ನುಂಗ್ತಿದ್ದೀಯ ಅಂತ." ಎರಡು ತಿಂಗಳಲ್ಲಿ ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ನಾಲ್ಕು ಕೆಜಿ ತೂಕ ಬಂತು. ಕಫದ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ.

ಎಡವಟ್ಟಾಗಿದ್ದು ಇಲ್ಲೇ. ಮಾತ್ರೆ ಕೆಲಸ ಮಾಡುತ್ತಿದ್ದ ಅದೇ ಹೊತ್ತಿನಲ್ಲಿ ಅಮ್ಮ ಅವನನ್ನು ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಕರೆದುಕೊಂಡು ಹೋಗುತ್ತಿದ್ದಳು. ನಮ್ಮ ಸಭೆ ಅಲ್ಲ, ಬೇರೆ ಕೂಟ. ಬಾಡಿಗೆ ಹಾಲ್, ಕೀಬೋರ್ಡು, ಎಣ್ಣೆ ಶೀಶೆ. ಪಾಸ್ಟರ್ ಅವನ ತಲೆ ಮೇಲೆ ಕೈ ಇಟ್ಟು, "ಗುಣ ಆಗಿದೆ ಅಂತ ನಂಬಿದ್ದೀಯಾ? ನಂಬಿದವನ ಜೇಬಲ್ಲಿ ಮಾತ್ರೆ ಯಾಕಿದೆ?" ಎಂದು ಕೇಳಿದರು. ಮಾತ್ರೆ ಬಿಡು ಎಂದು ಬಾಯಿಬಿಟ್ಟು ಹೇಳಲಿಲ್ಲ, ಗಮನಿಸಿ. ನಾಳೆ ಯಾರಾದರೂ ಕೇಳಿದರೆ "ನಾನೆಲ್ಲಿ ಹೇಳಿದೆ?" ಅನ್ನಬಹುದು.

ತಮ್ಮ ಮೊದಲು ದಿನ ಬಿಟ್ಟು ದಿನ ನುಂಗಿದ. ನಾಲ್ಕನೇ ತಿಂಗಳಲ್ಲಿ ಪೂರ್ತಿ ನಿಲ್ಲಿಸಿದ. ಆಶಾ ಕಾರ್ಯಕರ್ತೆ ಬಂದರೆ ಖಾಲಿ ಸ್ಟ್ರಿಪ್ ತೋರಿಸುತ್ತಿದ್ದ. ಮೂತ್ರದ ಬಣ್ಣ ಮೊದಲಿನಂತಾಯಿತು. ಕೂಟದವರು "ವಿಷ ಎಲ್ಲಾ ಹೊರಗೆ ಹೋಯ್ತು, ಸ್ತೋತ್ರ" ಎಂದರು. ಟಿ.ಬಿ. ರೋಗಿಗಳು ಮೊಟ್ಟೆ, ಬೇಳೆ ತಿನ್ನಲಿ ಎಂದು ಸರ್ಕಾರ ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು. ಅದು ಕಾಣಿಕೆ ಕವರಿಗೆ ಹೋಯಿತು. ವಿಡಿಯೋ ತೆಗೆದಿದ್ದು ಆಗಲೇ.

ಐದು ತಿಂಗಳು ಚೆನ್ನಾಗಿದ್ದ. ಆಮೇಲೆ ಸಂಜೆ ಹೊತ್ತು ಸಣ್ಣ ಜ್ವರ. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಕೆಮ್ಮುತ್ತಿದ್ದ. ಸಾಕ್ಷಿ ಹೇಳಿದವನು ಕೆಮ್ಮಬಾರದಲ್ವಾ! ನನಗೆ ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿತ್ತು. ಪಾಸ್ಟರನ್ನು ಕೇಳಿದರೆ, "ಮನೇಲಿ ಯಾರದೋ ಅವಿಶ್ವಾಸ ಅಡ್ಡ ನಿಂತಿದೆ" ಎಂದರು. ಅಮ್ಮ ನನ್ನ ಮುಖ ನೋಡಿದಳು. ಇಪ್ಪತ್ತೊಂದು ದಿನ ಉಪವಾಸ ಹಿಡಿದಳು. ಅದಕ್ಕೂ ಬಗ್ಗದಿದ್ದಾಗ ತಮ್ಮನಲ್ಲೇ ಏನೋ ಬಚ್ಚಿಟ್ಟ ಪಾಪ ಇದೆ ಅಂತಾಯಿತು. ಅವನು ರಾತ್ರಿ ಕೂತು ನೋಟ್‌ಬುಕ್ಕಿನಲ್ಲಿ ತನ್ನ ಪಾಪಗಳನ್ನು ಬರೆದ. ಆ ಪುಸ್ತಕ ನನ್ನ ಹತ್ತಿರ ಇದೆ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಒಂದು ಲೆಕ್ಕ ಕಾಪಿ ಹೊಡೆದಿದ್ದೂ ಅದರಲ್ಲಿದೆ. ಶ್ವಾಸಕೋಶ ಕೊಳೆಯುತ್ತಿರುವ ಹುಡುಗ ಅದಕ್ಕೆ ಕಾರಣ ತಾನು ಕದ್ದ ಒಂದು ಲೆಕ್ಕ ಅಂದುಕೊಂಡಿದ್ದ. ಬೇರೆಯದನ್ನೆಲ್ಲ ಮರೆತೇನು, ಇದನ್ನು ಆ ಕೂಟಕ್ಕೆ ಕ್ಷಮಿಸಲಾರೆ.

ಒಂದು ಬೆಳಿಗ್ಗೆ ವಾಶ್‌ಬೇಸಿನ್‌ನಲ್ಲಿ ರಕ್ತ. ಆಸ್ಪತ್ರೆಯಲ್ಲಿ ಹೊಸ ಪರೀಕ್ಷೆ ಮಾಡಿ ರಿಫಾಂಪಿಸಿನ್ ಇನ್ನು ತಾಗುವುದಿಲ್ಲ ಎಂದರು. ಅರೆಬರೆ ಮಾತ್ರೆ ನುಂಗಿದರೆ ಗಟ್ಟಿ ರೋಗಾಣುಗಳು ಉಳಿದುಕೊಂಡು ಬೆಳೆಯುತ್ತವಂತೆ. ಆರು ತಿಂಗಳದ್ದು ಹದಿನೆಂಟು ತಿಂಗಳಾಯಿತು. ಬೇರೆ ಮಾತ್ರೆ, ಮತ್ತೆ ಮತ್ತೆ ಇಸಿಜಿ. ಒಂದು ಮಾತ್ರೆಗೆ ಪಾದ ಜೋಮು ಹಿಡಿಯಿತು. ಇನ್ನೊಂದಕ್ಕೆ, ಕ್ಲೊಫಜಿಮಿನ್ ಅಂತ, ಮುಖ ಮೈ ಎಲ್ಲ ಕಪ್ಪಾಯಿತು. ಅಮ್ಮನಿಗೂ ನನಗೂ ನನ್ನ ಮಗಳಿಗೂ ಪರೀಕ್ಷೆ ಮಾಡಿದರು. ಪುಣ್ಯಕ್ಕೆ ಯಾರಿಗೂ ಏನೂ ಇರಲಿಲ್ಲ.

ನಮ್ಮ ಹಳೇ ಸಭೆಯ ಅಯ್ಯನವರು ವಾರ್ಡಿಗೆ ಬಂದಿದ್ದರು. "ದೇವರು ಯಾಕೆ ಕೇಳಲಿಲ್ಲ ಅಯ್ಯನವರೇ?" ಎಂದು ಅಮ್ಮ ಅತ್ತಳು. ಅವರು "ನನಗೂ ಗೊತ್ತಿಲ್ಲಮ್ಮ" ಎಂದರು. ಅಷ್ಟು ದಿನದಲ್ಲಿ ಹಾಗೆ ಹೇಳಿದವರು ಅವರೊಬ್ಬರೇ. ಆಮೇಲೆ ಸತ್ಯವೇದ ತೆಗೆದು ತೋರಿಸಿದರು. ಯೇಸುವಿನ ಸುವಾರ್ತೆ ಸಾರಿದ ಪೌಲ ತನ್ನ ಮೈಯಲ್ಲಿದ್ದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಎಂಬ ಊರಿನಲ್ಲಿ ಬಿಟ್ಟು ಬಂದ. ಪೌಲನಿಗೆ ನಂಬಿಕೆ ಕಮ್ಮಿ ಇತ್ತಾ? ರಾಜ ಹಿಜ್ಕೀಯನ ಪ್ರಾರ್ಥನೆಯನ್ನಂತೂ ದೇವರು ಕೇಳಿ ಹದಿನೈದು ವರ್ಷ ಆಯಸ್ಸು ಕೊಟ್ಟ. ಆದರೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ.

ಕೆ.ಆರ್.ಎಸ್. ರಸ್ತೆಯಲ್ಲಿ ಕ್ಷಯದ ಆಸ್ಪತ್ರೆ ಇದೆಯಲ್ಲ, ಅದಕ್ಕಿರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರು. ಅವರು ತೀರಿಕೊಂಡಿದ್ದು ಕ್ಷಯದಿಂದಲೇ. ಅರಮನೆಯಲ್ಲಿ ಪೂಜೆಗೆ, ಹರಕೆಗೆ ಕೊರತೆ ಇತ್ತಾ? ಕ್ಷಯಕ್ಕೆ ನಾಟಿದ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಅವರಿಗೆ ಮಾತ್ರೆ ಇರಲಿಲ್ಲ. ನಮ್ಮ ಬೀರುವಿನಲ್ಲಿ ಇತ್ತು.

ದೇವಸ್ಥಾನ, ದರ್ಗಾ, ಚರ್ಚು, ಎಲ್ಲೇ ಆಗಲಿ, "ನಂಬಿಕೆ ಇದ್ದರೆ ಔಷಧಿ ಯಾಕೆ" ಎಂಬ ಮಾತು ಬಂದರೆ ಎದ್ದು ಬನ್ನಿ. ಇನ್ಸುಲಿನ್, ಫಿಟ್ಸ್ ಮಾತ್ರೆ ಬಿಡಿಸಿದರಂತೂ ನಮ್ಮ ಹಾಗೆ ಐದು ತಿಂಗಳು ಸಮಯವೂ ಸಿಗುವುದಿಲ್ಲ. ಈಗಾಗಲೇ ಬಿಟ್ಟಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ನಮಗೂ ಡಾಕ್ಟರ್ ಬೈದರು, ಹತ್ತು ನಿಮಿಷ. ಆಮೇಲೆ ಅವರೇ ಚೀಟಿ ಬರೆದರು.

ವಿಡಿಯೋ ಅಳಿಸಿ ಎಂದು ಕೂಟದವರನ್ನು ಎರಡು ಸಲ ಕೇಳಿಕೊಂಡೆವು. ಅದರಿಂದ ಎಷ್ಟೋ ಜನರ ನಂಬಿಕೆ ಬೆಳೆದಿದೆಯಂತೆ, ಅಳಿಸಲಿಲ್ಲ. ಹೋದ ತಿಂಗಳು ತಮ್ಮ ಮಾತ್ರೆಯ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಹೆಂಗಸೊಬ್ಬರು ಫೋನ್ ಮುಂದೆ ಹಿಡಿದರಂತೆ. "ನೋಡಪ್ಪಾ, ಈ ಹುಡುಗ ಮಾತ್ರೆ ಬಿಟ್ಟೇ ಗುಣ ಆದನಂತೆ. ನನ್ನ ಮಗನಿಗೂ ಬಿಡಿಸಿಬಿಡೋಣ ಅಂತಿದ್ದೀನಿ." ಕಪ್ಪಾದ ಮುಖ, ಮೇಲೆ ಮಾಸ್ಕು. ಗುರುತು ಹೇಗೆ ಸಿಗಬೇಕು?

ಅವನು ಮಾಸ್ಕ್ ಕೆಳಗೆ ಎಳೆದು, ಫೋನನ್ನು ತನ್ನ ಮುಖದ ಪಕ್ಕ ಹಿಡಿದು ತೋರಿಸಿದ.